ಕೂದಲು ಉದುರಿದರೆ ನೀರಿಗೆ ಬೈಯುವ ಮುನ್ನ

2024ರ ಡಿಸೆಂಬರ್‌ನ ಒಂದು ಭಾನುವಾರ ಅಕ್ಕನ ಮಗ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ವಯಸ್ಸು 24. ಬಿಟಿಎಂ ಲೇಔಟ್ ಎರಡನೇ ಹಂತದ ಒಂದು ಪಿ.ಜಿ.ಯಲ್ಲಿ ವಾಸ, ಕೆಲಸ ಸಾಫ್ಟ್‌ವೇರ್ ಕಂಪನಿಯಲ್ಲಿ. ಝುಹರ್ ನಮಾಝ್ ಮುಗಿಸಿ ಬಂದು ದಸ್ತರ್‌ಖಾನ್ ಮುಂದೆ ಕೂತಾಗಲೂ ಅವನು ಟೋಪಿ ತೆಗೆಯಲಿಲ್ಲ. ನನ್ನ ಹೆಂಡತಿ ತಮಾಷೆಗೆ ಏನೋ ಅಂದಳು. ಅವನ ಮುಖ ಸಣ್ಣದಾಯಿತು.

"ಮಾಮು, ಪಿ.ಜಿ. ಬದಲಾಯಿಸಿದ್ದೇ ತಪ್ಪಾಯ್ತು. ಹೊಸ ಜಾಗದಲ್ಲಿ ಬರೀ ಬೋರ್ ನೀರು. ತಲೆಗೆ ನೀರು ಹಾಕಿದರೆ ಸಾಕು, ಕೈತುಂಬ ಕೂದಲು. ವುಝೂ ಮಾಡುವಾಗ ಮಸಹ್ ಮಾಡಿದರೂ ಅಂಗೈಗೆ ನಾಲ್ಕೈದು ಅಂಟಿಕೊಂಡಿರುತ್ತವೆ" ಅಂದ.

ಎರಡು ತಿಂಗಳಲ್ಲಿ ಅವನು ಷವರ್‌ಗೆ ಫಿಲ್ಟರ್ ಹಾಕಿಸಿದ್ದ, ಈರುಳ್ಳಿ ಎಣ್ಣೆ ತರಿಸಿದ್ದ, ಬಯೋಟಿನ್ ಮಾತ್ರೆ ನುಂಗುತ್ತಿದ್ದ. ಒಂದು ಕ್ಲಿನಿಕ್‌ನವರು ದಿನಕ್ಕೆ ಮೂರು ಸಲ ಫೋನ್ ಮಾಡಿ ಲಕ್ಷದ ಹತ್ತಿರದ 'ಪ್ಯಾಕೇಜ್' ಹೇಳುತ್ತಿದ್ದರು. ಅತ್ತ ಶಿವಮೊಗ್ಗದಲ್ಲಿ ಅವನ ಅಮ್ಮಿ ಹೆಣ್ಣು ನೋಡುತ್ತಿದ್ದರೆ, ಇತ್ತ ಇವನು ಒಂದು ಹೊಸ ಫೋಟೋ ಕಳಿಸಲೂ ಒಪ್ಪುತ್ತಿರಲಿಲ್ಲ.

ತಿಲಕನಗರದಲ್ಲಿ ಮೂವತ್ತು ವರ್ಷ ಔಷಧಿ ಅಂಗಡಿ ನಡೆಸಿದವನು ನಾನು. ವೈದ್ಯನಲ್ಲ. ಆದರೆ ಈ ದೂರು ಕೇಳಿ ಕೇಳಿ ಕಿವಿ ತೂತಾಗಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಎಲ್ಲಿಯ ಹುಡುಗ ಬಂದರೂ ಮೊದಲ ಮಾತು 'ನೀರು ಸರಿಯಿಲ್ಲ ಭಾಯ್'. ನಾನೂ ಹೌದೆಂದು ತಲೆಯಾಡಿಸಿ ಬಯೋಟಿನ್ ಮಾರಿದ್ದೇನೆ. ಆ ತಪ್ಪನ್ನು ಒಪ್ಪಿಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ನೀರಿನ ಮೇಲೆ ಅನುಮಾನ ಬರುವುದು ಸಹಜ. 2024ರ ಬೇಸಿಗೆಯನ್ನು ಬೆಂಗಳೂರಿನವರು ಮರೆಯುವಂತಿಲ್ಲ. ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಬಾಯಿಗೆ ಬಂದ ಬೆಲೆ ಕೊಟ್ಟೆವು. ಆಳದ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಕೂದಲು ನಾರಿನಂತೆ ಒರಟಾಗುತ್ತದೆ, ಬಾಚುವಾಗ ತುಂಡಾಗುತ್ತದೆ. ಇದೆಲ್ಲ ನಿಜ. ಆದರೆ ನೀರು ಮುಟ್ಟುವುದು ಚರ್ಮದ ಹೊರಗಿರುವ ಎಳೆಯನ್ನು. ಆ ಎಳೆಗೆ ಜೀವವಿಲ್ಲ. ಕೂದಲು ಹುಟ್ಟುವ ಬುಡ ಚರ್ಮದ ಒಳಗಿದೆ, ಅದಕ್ಕೆ ಆಹಾರ ರಕ್ತದಿಂದ. ಕೊಯಮತ್ತೂರಿನ ವೈದ್ಯರು ಗಡಸು ನೀರಿನಲ್ಲಿ ನೆನೆಸಿದ ಕೂದಲನ್ನೂ ಶುದ್ಧ ನೀರಿನಲ್ಲಿ ನೆನೆಸಿದ ಕೂದಲನ್ನೂ ಎಳೆದು ಹೋಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಳೆಯ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೇರೆಡೆಯ ಪರೀಕ್ಷೆಯಲ್ಲಿ ಎಳೆ ಸ್ವಲ್ಪ ದುರ್ಬಲವಾದದ್ದು ಕಂಡದ್ದೂ ಉಂಟು. ಎಳೆ ದುರ್ಬಲವಾದರೆ ನಡುವೆ ಮುರಿಯುತ್ತದೆ. ಬುಡ ಸಮೇತ ಉದುರಿ ಹಣೆ ಅಗಲವಾಗುವುದು ಬೇರೆಯೇ ವಿಷಯ.

ಇದನ್ನು ಮನೆಯಲ್ಲೇ ನೋಡಬಹುದು. ಬಿದ್ದ ಕೂದಲನ್ನು ಬಿಳಿ ಕಾಗದದ ಮೇಲಿಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಬುಡದಿಂದ ಕಳಚಿದ್ದು. ಗಂಟಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಿದ್ದರೆ ಮುರಿದದ್ದು. ನಮ್ಮ ಹುಡುಗನ ದಿಂಬಿನ ಮೇಲಿದ್ದವೆಲ್ಲ ಗಂಟಿನವೇ.

"ಜ್ವರ ಯಾವಾಗ ಬಂದಿತ್ತು?"

ಇದು ನನ್ನ ಪ್ರಶ್ನೆಯಲ್ಲ, ಮರುವಾರ ನಾವು ಹೋದ ಚರ್ಮರೋಗ ವೈದ್ಯೆಯ ಮೊದಲ ಪ್ರಶ್ನೆ. ತಲೆಯನ್ನು ಅವರಿನ್ನೂ ನೋಡಿರಲಿಲ್ಲ. ಹುಡುಗ ನನ್ನ ಮುಖ ನೋಡಿದ. ಆಗಸ್ಟ್‌ನಲ್ಲಿ ಅವನಿಗೆ ಡೆಂಗ್ಯೂ ಆಗಿತ್ತು, ಐದು ದಿನ ಆಸ್ಪತ್ರೆಯಲ್ಲಿದ್ದ. ಆ ಮಳೆಗಾಲದಲ್ಲಿ ಡೆಂಗ್ಯೂ ಎಷ್ಟು ಹಬ್ಬಿತ್ತೆಂದರೆ, ರಾಜ್ಯ ಸರ್ಕಾರ ಸೆಪ್ಟೆಂಬರ್‌ನಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಇವನು ಪಿ.ಜಿ. ಬದಲಿಸಿದ್ದು ಅಕ್ಟೋಬರ್‌ನಲ್ಲಿ. ಕೂದಲು ಉದುರಲು ಶುರುವಾದದ್ದು ನವೆಂಬರ್‌ನಲ್ಲಿ.

ವೈದ್ಯೆ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಲೆಕ್ಕ ಹೇಳಿದರು. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿವೆ. ಹತ್ತರಲ್ಲಿ ಒಂಬತ್ತು ಪಾಲು ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿದ್ದು ಕೊನೆಗೆ ಉದುರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಎಲ್ಲರಿಗೂ ಇದ್ದದ್ದೇ. ಡೆಂಗ್ಯೂ, ಟೈಫಾಯ್ಡ್, ಕೋವಿಡ್‌ನಂಥ ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ಒಂದೇ ತಿಂಗಳಲ್ಲಿ ಹತ್ತು ಕಿಲೋ ಇಳಿಸುವ ಹುಚ್ಚು ಡಯಟ್, ಮನೆಯಲ್ಲಿ ಸಾವಿನಂಥ ಆಘಾತ, ಇವುಗಳಿಂದ ಬೆಳೆಯುತ್ತಿದ್ದ ಕೂದಲಿನ ದೊಡ್ಡ ಪಾಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತದೆ. ಹೋದ ಕೂಡಲೇ ಬೀಳುವುದಿಲ್ಲ. ಬೀಳುವುದು ಎರಡು ಮೂರು ತಿಂಗಳ ನಂತರ. ಅಷ್ಟರಲ್ಲಿ ಜ್ವರ ಮರೆತಿರುತ್ತದೆ, ಕಣ್ಣಿಗೆ ಕಾಣುವುದು ಹೊಸ ರೂಮು, ಹೊಸ ನೀರು, ಹೊಸ ಶಾಂಪೂ. ಬೈಗುಳ ಅವಕ್ಕೆ.

ಈ ಬಗೆಯ ಉದುರುವಿಕೆ ತಲೆಯ ತುಂಬ ಸಮನಾಗಿ ಆಗುತ್ತದೆ ಮತ್ತು ಹೆಚ್ಚಿನವರಲ್ಲಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಬುಡ ಸತ್ತಿರುವುದಿಲ್ಲ, ಹೊಸ ಕೂದಲು ಬರುತ್ತದೆ. ಈರುಳ್ಳಿ ಎಣ್ಣೆಗೂ ಪ್ಯಾಕೇಜ್‌ಗೂ ಒಳ್ಳೆಯ ಹೆಸರು ಬರುವುದು ಇಲ್ಲಿಯೇ. ತಾನಾಗಿ ನಿಲ್ಲುವ ಹೊತ್ತಿಗೆ ನಾವು ಏನು ಹಚ್ಚುತ್ತಿದ್ದೆವೋ ಅದಕ್ಕೆ ಕೀರ್ತಿ.

ಕೇಳಿ ನನಗೆ ಸಮಾಧಾನವಾಯಿತು. ಆದರೆ ವೈದ್ಯೆ ಅಲ್ಲಿಗೆ ಬಿಡಲಿಲ್ಲ. ಟೋಪಿ ತೆಗೆಸಿ, ಐವತ್ತರಷ್ಟು ಕೂದಲನ್ನು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದರು. ಎಂಟು ಕೈಗೆ ಬಂದವು. ಆಮೇಲೆ ದೀಪವಿರುವ ಭೂತಗನ್ನಡಿಯಿಂದ ನೆತ್ತಿಯನ್ನೂ ಕಿವಿಯ ಹಿಂಭಾಗವನ್ನೂ ಹೋಲಿಸಿ ನೋಡಿದರು. "ಮೂರ್ನಾಲ್ಕು ವರ್ಷ ಹಿಂದಿನ ಫೋಟೋ ಇದೆಯಾ?" ಎಂದು ಕೇಳಿದರು. ಮೊಬೈಲಿನಲ್ಲಿ ಅವನ ತಂಗಿಯ ಮದುವೆಯ ಫೋಟೋ ಸಿಕ್ಕಿತು. ಅದರಲ್ಲಿ ಇವನಿಗೆ 20. ಹಣೆಯ ಎರಡೂ ಮೂಲೆ ಆಗಲೇ ಒಳಗೆ ಸರಿದಿದ್ದವು. ನಾವ್ಯಾರೂ ಗಮನಿಸಿರಲಿಲ್ಲ.

ಕಾರಣ ಒಂದಲ್ಲ, ಎರಡು. ಡೆಂಗ್ಯೂ ಕೂದಲನ್ನು ತೆಳ್ಳಗೆ ಮಾಡಿದಾಗ, ಕೆಳಗೆ ಸದ್ದಿಲ್ಲದೆ ನಡೆಯುತ್ತಿದ್ದ ವಂಶಪಾರಂಪರ್ಯ ಬೋಳುತನ ಕಣ್ಣಿಗೆ ಬಿತ್ತು. ಮೊದಲನೆಯದು ತಾನಾಗಿ ಹೋಗುತ್ತದೆ. ಎರಡನೆಯದು ಹೋಗುವುದಿಲ್ಲ, ಅದು ಕಾಯುವುದೂ ಇಲ್ಲ.

ಗಂಡಸರ ಬೋಳುತನದ ಗುಟ್ಟನ್ನು ಮೊದಲು ಸರಿಯಾಗಿ ಹಿಡಿದವರು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್. ಪ್ರಾಯಕ್ಕೆ ಬರುವ ಮುನ್ನವೇ ವೃಷಣ ಕಳೆದುಕೊಂಡ ಗಂಡಸರಿಗೆ ತಲೆ ಬೋಳಾಗುವುದಿಲ್ಲ, ಆದರೆ ಅವರಿಗೆ ಗಂಡು ಹಾರ್ಮೋನ್ ಕೊಟ್ಟರೆ ವಂಶದಲ್ಲಿ ಬೋಳುತನ ಇದ್ದವರಿಗೆ ಅದು ಶುರುವಾಗುತ್ತದೆ ಎಂದು ಅವರು 1942ರಲ್ಲಿ ತೋರಿಸಿದರು. ಎಂದರೆ ಎರಡು ಬೇಕು: ಹಾರ್ಮೋನ್ ಮತ್ತು ವಂಶ. ಟೆಸ್ಟೋಸ್ಟೆರಾನ್ ದೇಹದಲ್ಲಿ ಡಿಎಚ್‌ಟಿ ಎಂಬ ಇನ್ನೊಂದು ರೂಪ ತಳೆಯುತ್ತದೆ. ಕೆಲವರ ಹಣೆ ಮತ್ತು ನೆತ್ತಿಯ ಕೂದಲ ಬುಡಗಳು ಅದಕ್ಕೆ ಸೂಕ್ಷ್ಮ. ಪ್ರತಿ ಸುತ್ತಿಗೂ ಬುಡ ಚಿಕ್ಕದಾಗುತ್ತ, ಕೂದಲು ನೂಲಿನಂತೆ ತೆಳ್ಳಗಾಗುತ್ತ, ಕೊನೆಗೆ ಕಾಣದಂತಾಗುತ್ತದೆ. ಕಿವಿಯ ಹಿಂದಿನ ಕೂದಲಿಗೆ ಈ ತೊಂದರೆ ಇಲ್ಲ. ವೈದ್ಯೆ ಹೋಲಿಸಿ ನೋಡಿದ್ದು ಅದಕ್ಕೇ. ಗಂಡಸುತನ ಹೆಚ್ಚಿರುವವರಿಗೆ ಬೋಳಾಗುತ್ತದೆ ಎಂಬ ಮಾತು ಸುಳ್ಳು. ಹಾರ್ಮೋನ್ ಮಟ್ಟ ಎಲ್ಲರಂತೆಯೇ ಇರುತ್ತದೆ. ಜಿಮ್‌ಗಳಲ್ಲಿ ಗುಟ್ಟಾಗಿ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವ ಹುಡುಗರ ವಿಷಯ ಬೇರೆ, ವಂಶದಲ್ಲಿ ಇದ್ದರೆ ಅದು ಬೋಳುತನವನ್ನು ಬೇಗ ತರುತ್ತದೆ. ವೈದ್ಯರಿಗೆ ಅದನ್ನು ಮುಚ್ಚಿಡಬೇಡಿ.

ವಂಶ ಎಂದರೆ ನಾನಾ ಮಾತ್ರ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಅಮ್ಮನ ಕಡೆಯ ಪಾಲು ದೊಡ್ಡದು ನಿಜ, ಆದರೆ ಅದಷ್ಟೇ ಅಲ್ಲ. ಬ್ರಿಟನ್ನಿನ 52,000 ಗಂಡಸರ ಮಾಹಿತಿ ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೋಳುತನಕ್ಕೆ ಸಂಬಂಧಿಸಿದ 287 ಆನುವಂಶಿಕ ಜಾಗಗಳು ಸಿಕ್ಕವು. ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿದ್ದವು ಅವುಗಳಲ್ಲಿ 40 ಮಾತ್ರ. ವೈದ್ಯರ ಬಳಿ ಹೋಗುವ ಮುನ್ನ ದಾದಾ, ನಾನಾ, ಚಾಚಾ, ಮಾಮು ಎಲ್ಲರ ತಲೆಯನ್ನೂ ನೆನಪಿಸಿಕೊಂಡು ಹೋಗಿ. (ನಮ್ಮ ಹುಡುಗ ಆ ಹೊತ್ತಿಗೆ ನನ್ನ ತಲೆಯನ್ನೇ ನೋಡುತ್ತಿದ್ದ.)

ಇವೆರಡೂ ಅಲ್ಲದ ಕಾರಣಗಳೂ ಇವೆ. ರಾತ್ರೋರಾತ್ರಿ ನಾಣ್ಯದಗಲ ನುಣ್ಣಗಾದರೆ, ಅದು ತಲೆಯಲ್ಲಿರಲಿ ಗಡ್ಡದಲ್ಲಿರಲಿ, ಉರ್ದು ಮಾತಾಡುವ ಮನೆಗಳಲ್ಲಿ ಬಾಲ್‌ಖೋರಾ ಅನ್ನುತ್ತಾರೆ, ಊರ ಕಡೆ ಹುಳು ತಿಂದಿದೆ ಅನ್ನುತ್ತಾರೆ. ಹುಳುವೂ ಇಲ್ಲ, ಏನೂ ಇಲ್ಲ. ದೇಹದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಕೂದಲ ಬುಡದ ಮೇಲೆ ಬೀಳುತ್ತದೆ. ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಒಂದೆರಡು ಚಿಕ್ಕ ಮಚ್ಚೆಗಳಾದರೆ ಹೆಚ್ಚಾಗಿ ವರ್ಷದೊಳಗೆ ಕೂದಲು ಮರಳುತ್ತದೆ. ಅದಕ್ಕೆ ಇಂಜೆಕ್ಷನ್ ಚಿಕಿತ್ಸೆಯೂ ಇದೆ.

ಮಚ್ಚೆಯಲ್ಲಿ ಹೊಟ್ಟು, ತುರಿಕೆ, ಮುರಿದ ಮೋಟು ಕೂದಲು ಇದ್ದರೆ ಅದು ಶಿಲೀಂಧ್ರದ ಹುಳುಕಡ್ಡಿ. ಮಕ್ಕಳಲ್ಲಿ ಹೆಚ್ಚು, ಮತ್ತು ಅಂಟುತ್ತದೆ. ಬಾಚಣಿಗೆ, ಟವೆಲು, ಟೋಪಿಯಿಂದ ಹರಡುತ್ತದೆ. ಮಸೀದಿಯ ಬಾಗಿಲಲ್ಲಿ ಬುಟ್ಟಿಯೊಳಗೆ ಇಟ್ಟಿರುವ ಪ್ಲಾಸ್ಟಿಕ್ ಟೋಪಿಗಳನ್ನು ಎಷ್ಟು ತಲೆಗಳು ಹಾಕಿಕೊಂಡಿರುತ್ತವೆ, ಯಾವಾಗ ತೊಳೆದಿರುತ್ತಾರೆ? ಮಕ್ಕಳ ಜೇಬಿನಲ್ಲಿ ಅವರದೇ ಟೋಪಿ ಇರಲಿ. ಇದಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ, ಸ್ಟೀರಾಯ್ಡ್ ಬೆರೆಸಿದ ಟ್ಯೂಬ್ ಹಚ್ಚಬೇಡಿ. ತುರಿಕೆ ನಿಂತು ರೋಗ ಒಳಗೇ ಹರಡುತ್ತದೆ. ಸ್ವಂತ ಟೋಪಿಯಿಂದಾಗಲಿ ಹೆಲ್ಮೆಟ್‌ನಿಂದಾಗಲಿ ಬೋಳಾಗುವುದಿಲ್ಲ, ಕೂದಲ ಬುಡ ಗಾಳಿಯಿಂದ ಉಸಿರಾಡುವುದಿಲ್ಲ. ಉಮ್ರಾ ಮುಗಿಸಿ ತಲೆ ಬೋಳಿಸಿಕೊಂಡರೆ ಕೂದಲು ದಟ್ಟವಾಗಿ ಬರುತ್ತದೆ ಎಂಬುದೂ ಹಾಗೆಯೇ. ಮೊಂಡಾದ ತುದಿ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೇ. ಅಲ್ಲಿ ನೋಡಬೇಕಾದದ್ದು ಹಜಾಮ ಹೊಸ ಬ್ಲೇಡು ಹಾಕಿದನೇ ಎಂಬುದನ್ನು.

ಬೋಳಾದ ಜಾಗ ಹೊಳೆಯುತ್ತಿದ್ದು, ಉರಿ ಅಥವಾ ನೋವಿದ್ದು, ರಂಧ್ರಗಳೇ ಕಾಣದಿದ್ದರೆ ತಡಮಾಡಬೇಡಿ. ಅಲ್ಲಿ ಬುಡ ಶಾಶ್ವತವಾಗಿ ಸಾಯುತ್ತಿರಬಹುದು.

ಎಲ್ಲರಿಗೂ ರಾಶಿ ರಕ್ತಪರೀಕ್ಷೆ ಬೇಕಿಲ್ಲ. ಹಣೆಯ ಮೂಲೆಯಷ್ಟೇ ಸರಿದವನಿಗೆ ಸಾಮಾನ್ಯವಾಗಿ ಬೇಡವೇ ಬೇಡ. ತಲೆತುಂಬ ಉದುರುತ್ತಿದ್ದರೆ ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಥೈರಾಯ್ಡ್ ನೋಡಿಸುತ್ತಾರೆ. ಬಯೋಟಿನ್ ನುಂಗುತ್ತಿದ್ದರೆ ಮೊದಲೇ ಹೇಳಿ. ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ಕೆಡಿಸಿ, ಇಲ್ಲದ ರೋಗ ತೋರಿಸಬಲ್ಲದು. ನಾನು ಅಷ್ಟು ವರ್ಷ ಮಾರಿದ ಮಾತ್ರೆಯ ಈ ಗುಣ ನನಗೆ ತಿಳಿದದ್ದು ಆ ದಿನ. ಬಯೋಟಿನ್ ಕೊರತೆಯೇ ಅಪರೂಪ. ಕೊರತೆ ಇಲ್ಲದವನಿಗೆ ಅದರಿಂದ ಕೂದಲು ಬರುತ್ತದೆ ಎನ್ನಲು ಆಧಾರವಿಲ್ಲ.

ವಂಶಪಾರಂಪರ್ಯ ಬೋಳುತನಕ್ಕೆ ಕೆಲಸ ಮಾಡುವ ಔಷಧಿಗಳು ಬೆರಳೆಣಿಕೆಯಷ್ಟು. ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಒಂದು. ಶುರುವಿನ ವಾರಗಳಲ್ಲಿ ಇನ್ನಷ್ಟು ಉದುರುತ್ತದೆ, ಹೆದರಿ ಬಿಡಬಾರದು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ನಿಲ್ಲಿಸಿದರೆ ಬಂದದ್ದು ಹೋಗುತ್ತದೆ. ಫಿನಾಸ್ಟೆರೈಡ್ ಮಾತ್ರೆ ಇನ್ನೊಂದು. ಇದು ಡಿಎಚ್‌ಟಿಯನ್ನೇ ತಗ್ಗಿಸುತ್ತದೆ. ಕೂದಲಿಗೆಂದು ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಪಡೆಯಿತು. ಕೆಲವರಲ್ಲಿ ದಾಂಪತ್ಯ ಬಯಕೆ ಕಡಿಮೆಯಾಗುವುದು, ಮನಸ್ಸು ಕುಗ್ಗುವುದು ಉಂಟು. ಮದುವೆಯಾಗಲಿರುವ ಹುಡುಗರು ನಾಚದೆ ವೈದ್ಯರಲ್ಲಿ ಕೇಳಬೇಕು. ಪುಡಿಯಾದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು, ಗಂಡು ಶಿಶುವಿನ ಬೆಳವಣಿಗೆಗೆ ತೊಂದರೆ. ಸ್ನೇಹಿತನ ಚೀಟಿ ತೋರಿಸಿ ಇದನ್ನು ಕೊಳ್ಳಬೇಡಿ.

ಕೂದಲು ಕಸಿ ಇಪ್ಪತ್ತರ ಹುಡುಗರಿಗೆ ಅವಸರದ ಕೆಲಸ. ಬೋಳು ಎಲ್ಲಿಗೆ ನಿಲ್ಲುತ್ತದೆ ಎಂದು ಆಗ ಗೊತ್ತಿರುವುದಿಲ್ಲ. ನೆಟ್ಟ ಕೂದಲು ದ್ವೀಪದಂತೆ ಉಳಿದು ಸುತ್ತಲಿನದು ಹೋಗುತ್ತದೆ. 2016ರಲ್ಲಿ ಚೆನ್ನೈನಲ್ಲಿ 22ರ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಕೂದಲು ಕಸಿ ಮಾಡಿಸಿಕೊಂಡ ಬೆನ್ನಿಗೇ ತೀವ್ರ ಅಸ್ವಸ್ಥನಾಗಿ ತೀರಿಕೊಂಡ. ಇದು ಶಸ್ತ್ರಚಿಕಿತ್ಸೆ, ಸಲೂನ್ ಕೆಲಸವಲ್ಲ. ಮಾಡುವವರು ತರಬೇತಿ ಪಡೆದ ವೈದ್ಯರೇ ಎಂದು ಕೇಳುವ ಹಕ್ಕು ನಿಮಗಿದೆ.

ದುಡ್ಡಿಲ್ಲವೆಂದು ಸುಮ್ಮನಿರಬೇಡಿ. ವಿಕ್ಟೋರಿಯಾ, ಬೌರಿಂಗ್ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಸಾಲಿನಲ್ಲಿ ನಿಲ್ಲುವ ತಾಳ್ಮೆ ಬೇಕು, ಅಷ್ಟೇ.

ಹುಡುಗನ ಕಬ್ಬಿಣ, ಥೈರಾಯ್ಡ್ ಸರಿಯಾಗಿದ್ದವು. ವೈದ್ಯೆ ಅವನಿಗೆ ಹಚ್ಚುವ ಔಷಧಿಯನ್ನಷ್ಟೇ ಬರೆದರು, ಮಾತ್ರೆಯ ಸಾಧಕ ಬಾಧಕ ಹೇಳಿ ಯೋಚಿಸಿ ಬಾ ಎಂದರು. ರಂಝಾನ್ ಈದ್‌ಗೆ ಬಂದಾಗ ದಿಂಬಿನ ಮೇಲೆ ಕೂದಲು ಬೀಳುವುದು ನಿಂತಿತ್ತು. ಹಣೆಯ ಮೂಲೆಗಳು ಇದ್ದಲ್ಲೇ ಇದ್ದವು, ಒಳಗೆ ಸರಿದಿರಲಿಲ್ಲ. ಪಿ.ಜಿ. ಅದೇ, ಬೋರ್ ನೀರೂ ಅದೇ. ಷವರ್ ಫಿಲ್ಟರನ್ನು ಪಕ್ಕದ ರೂಮಿನವನಿಗೆ ಕೊಟ್ಟುಬಿಟ್ಟೆ ಅಂದ. ಈದ್‌ನ ದಿನ ಟೋಪಿ ಇಲ್ಲದೆ ತೆಗೆದ ಒಂದು ಫೋಟೋವನ್ನು ಅಮ್ಮಿಗೆ ಕಳಿಸಿದ್ದ.