ಅಬುಧಾಬಿಯಲ್ಲಿ ಅಮೆರಿಕದ ಅಧಿಕಾರಿ: ಅವರ ಕೈ ಎಷ್ಟು ಉದ್ದ?

ಬೇಗಾರ್, ಕೊಪ್ಪ, ನರಸಿಂಹರಾಜಪುರದ ಕಡೆಯಿಂದ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ಅಮ್ಮಂದಿರು ಈಗ ಅಪರೂಪವಲ್ಲ. ಬೆಂಗಳೂರಿನಿಂದ ಎತಿಹಾದ್ ವಿಮಾನ ಹಿಡಿದವರಿಗೆ ನ್ಯೂಯಾರ್ಕೋ ಷಿಕಾಗೋ ಮುಟ್ಟುವ ಮೊದಲೇ, ಅಬುಧಾಬಿಯಲ್ಲೇ, ಅಮೆರಿಕದ ಗಡಿ ಅಧಿಕಾರಿಗಳು ಎದುರಾಗುತ್ತಾರೆ. ಇದು ಪ್ರೀಕ್ಲಿಯರೆನ್ಸ್. ಅಲ್ಲಿ 2014ರ ಜನವರಿಯಲ್ಲಿ ಶುರುವಾಯಿತು. ಪಾಸ್‌ಪೋರ್ಟ್, ವೀಸಾ, ಬ್ಯಾಗು ಎಲ್ಲದರ ತಪಾಸಣೆ ಅಲ್ಲೇ ಮುಗಿಯುತ್ತದೆ. ಅಮೆರಿಕದಲ್ಲಿ ಇಳಿದಾಗ ಒಳನಾಡಿನ ಪ್ರಯಾಣಿಕರ ಹಾಗೆ ನೇರ ಹೊರಗೆ ಹೋಗಬಹುದು. ಈ ಸೌಕರ್ಯದ ಸುತ್ತ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಮಾತುಗಳಿಗೆ ಮಾತ್ರ ಲಂಗುಲಗಾಮಿಲ್ಲ.

ಮೊದಲನೆಯದು, ಆ ತಪಾಸಣೆಯ ಗೆರೆ ದಾಟಿದರೆ ಅಮೆರಿಕದ ನೆಲ ಎಂಬುದು. ಅಲ್ಲ. ನೆಂಟರು ನಮ್ಮ ಜಗಲಿಯಲ್ಲಿ ಕೂತು ಅವರ ಮನೆಯ ಲೆಕ್ಕ ನೋಡಿದರೆ ಜಗಲಿ ಅವರದಾಗುವುದಿಲ್ಲವಲ್ಲ! ನೆಲ ಸಂಯುಕ್ತ ಅರಬ್ ಸಂಸ್ಥಾನದ್ದು, ಕಾನೂನೂ ಅಲ್ಲಿನದೇ. ಆ ಕೋಣೆಯಲ್ಲಿ ಮಗು ಹುಟ್ಟಿತೆಂಬ ಕಾರಣಕ್ಕೆ ಅದು ಅಮೆರಿಕದ ಪ್ರಜೆಯಾಗುವುದಿಲ್ಲ.

ಹಾಗಾದರೆ ಅಧಿಕಾರಿ ಕೈಕೋಳ ಹಾಕಿ ಜೈಲಿಗೆ ಕಳಿಸಬಹುದೇ? ಇದರ ಉತ್ತರ ಕೆನಡಾದಲ್ಲಿ ಅತ್ಯಂತ ಸ್ಪಷ್ಟ. ಟೊರಾಂಟೊ ವಿಮಾನ ನಿಲ್ದಾಣದಲ್ಲಿ ಈ ಪದ್ಧತಿ 1952ರಿಂದ ಇದೆ. ಅಮೆರಿಕದಲ್ಲಿ ನಡೆಯುವ, ಕನ್ನಡ ಕೂಟಗಳ 'ಅಕ್ಕ' ಸಮ್ಮೇಳನಕ್ಕೆ ವಿಮಾನ ಹತ್ತುವ ಅಲ್ಲಿನ ಕನ್ನಡಿಗರಿಗೂ ಈ ಸಾಲು ತಪ್ಪಿದ್ದಲ್ಲ. 2019ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಕೆನಡಾದ ಕಾಯ್ದೆಯ ಪ್ರಕಾರ ಅಮೆರಿಕದ ಅಧಿಕಾರಿ ತನ್ನ ದೇಶದ ಕಾನೂನಿನ ಬಲದಿಂದ ಯಾರನ್ನೂ ಬಂಧಿಸುವಂತಿಲ್ಲ. ಕೆನಡಾದ ಕಾನೂನು ಮುರಿದ ಅನುಮಾನವಿದ್ದರೆ ತಡೆದು ನಿಲ್ಲಿಸಬಹುದು, ಆದರೆ ಆದಷ್ಟು ಬೇಗ ಕೆನಡಾದ ಅಧಿಕಾರಿಗೆ ಒಪ್ಪಿಸಬೇಕು. ಕೆನಡಾದ ಹಕ್ಕುಗಳ ಸನ್ನದೂ ಅಲ್ಲಿ ಅನ್ವಯಿಸುತ್ತದೆ. ಇದೇ ಪದ್ಧತಿ ಇರುವ ಐರ್ಲೆಂಡಿನದು 2009ರ ಕಾಯ್ದೆ. ಅಲ್ಲೂ ತಡೆದವರನ್ನು ಐರಿಷ್ ಪೊಲೀಸರಿಗೇ ಒಪ್ಪಿಸಬೇಕು. ಅಬುಧಾಬಿಯಲ್ಲೂ ಬಂಧನ ಸ್ಥಳೀಯ ಪೊಲೀಸರ ಕೆಲಸ.

ಇಷ್ಟು ಕೇಳಿ ಕೆಲವರು ಇನ್ನೊಂದು ತುದಿಗೆ ಹಾರುತ್ತಾರೆ: ಪ್ರಶ್ನೆ ಇಷ್ಟವಾಗದಿದ್ದರೆ ಸುಮ್ಮನೆ ಎದ್ದು ಬರಬಹುದಂತೆ! ಅರ್ಧ ಸತ್ಯ. ಕೆನಡಾದಲ್ಲಿ 'ನನಗೆ ಪ್ರಯಾಣ ಬೇಡ' ಎಂದು ಹಿಂದೆ ಸರಿಯುವ ಹಕ್ಕು ಇದೆ. ಹಳೆಯ ಕಾಯ್ದೆಯಲ್ಲಿ ಕಾರಣ ಹೇಳಬೇಕಿರಲಿಲ್ಲ. ಈಗ ನೀವು ಯಾರು, ಯಾಕೆ ಹಿಂದೆ ಸರಿಯುತ್ತೀರಿ ಎಂಬ ಪ್ರಶ್ನೆಗೆ ನಿಜ ಹೇಳಲೇಬೇಕು. ಅಧಿಕಾರಿಯೂ ಅಕಾರಣವಾಗಿ ತಡಮಾಡುವಂತಿಲ್ಲ. ನನಗೆ ಕೇಳಿದರೆ, ಹಕ್ಕನ್ನು ಕೊಟ್ಟ ಕೈಯಲ್ಲೇ ಸ್ವಲ್ಪ ಕಿತ್ತುಕೊಂಡಿದ್ದಾರೆ. ಅಂದ ಹಾಗೆ, ಇದು ಕೆನಡಾದ ಕಾಯ್ದೆ. ಟೊರಾಂಟೊದಲ್ಲಿರುವ ಮಗ ಹೇಳಿದ ಎಂದು ಅಬುಧಾಬಿಯಲ್ಲಿ ಅದೇ ವಾದ ಹೂಡಬಾರದು.

ಬಂಧಿಸುವ ಅಧಿಕಾರ ಇಲ್ಲದ ಮಾತ್ರಕ್ಕೆ ಆ ಅಧಿಕಾರಿ ಬರೀ ಗುಮಾಸ್ತ ಎಂದುಕೊಳ್ಳಬೇಡಿ. ಅವರು ಒಪ್ಪದಿದ್ದರೆ ವಿಮಾನ ಹತ್ತುವಂತಿಲ್ಲ, ವೀಸಾ ರದ್ದಾಗಲೂಬಹುದು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚುವ ಅಪಾಯವಿದೆ. ಅಬುಧಾಬಿ ದಾಟಿದ ಮೇಲೂ ಅಮೆರಿಕದಲ್ಲಿ ಮತ್ತೆ ನಿಲ್ಲಿಸಿ ಕೇಳುವ ಅಧಿಕಾರ ಅಲ್ಲಿನ ಗಡಿ ಅಧಿಕಾರಿಗಳಿಗೆ ಉಳಿದೇ ಇರುತ್ತದೆ.

ಬೆಂಗಳೂರಿನಲ್ಲೇ ಅಮೆರಿಕದವರು ತಪಾಸಣೆ ಮಾಡುತ್ತಾರೆ ಎಂಬುದೂ ತಪ್ಪು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್ ಮುದ್ರೆ ಒತ್ತುವವರು ನಮ್ಮ ಸರ್ಕಾರದವರು. ಭಾರತದ ಯಾವ ನಿಲ್ದಾಣದಲ್ಲೂ ಪ್ರೀಕ್ಲಿಯರೆನ್ಸ್ ಇಲ್ಲ.

ಇನ್ನು ನಮ್ಮವರಿಗೆ ನಿಜವಾಗಿ ತೊಡಕಾಗುವುದು ಕಾನೂನಿಗಿಂತ ಬ್ಯಾಗು. ಚೆಕ್-ಇನ್ ಮಾಡಿದ ಬ್ಯಾಗಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿ ಒಳಗೇನಿದೆ ಎಂದು ಕೇಳುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಮನೆಯಲ್ಲೇ ಬಿಡಿ. ಮುಚ್ಚಿಟ್ಟರೆ ದಂಡ 10,000 ಡಾಲರ್‌ವರೆಗೂ ಹೋಗಬಹುದು. ಇಂಗ್ಲಿಷ್ ಅರ್ಥವಾಗದಿದ್ದರೆ ತಲೆಯಾಡಿಸಿಬಿಡಬೇಡಿ. ಕನ್ನಡ ಬಲ್ಲ ದುಭಾಷಿ ಬೇಕು ಎಂದು ಕೇಳಿ.