ವೇಷವೂ ಸೋಗೂ

ತಿಪಟೂರಿನ ಕೊಬ್ಬರಿ ಮಂಡಿಯ ವರ್ತಕನೆಂದು ಹೇಳಿಕೊಂಡು ಒಬ್ಬನು ತುರುವೇಕೆರೆಯ ಕಡೆಯ ತೋಟದ ಮನೆಗೆ ಬಂದನೆಂದು ಭಾವಿಸೋಣ. ಅಟ್ಟದ ಕೊಬ್ಬರಿಯನ್ನು ಮೂಟೆ ಕಟ್ಟಿಸಿ, ಹಣ ನಾಳೆ ಎಂದು ಹೋದವನು ಮತ್ತೆ ಕಾಣಿಸಲಿಲ್ಲ. ಆ ರಾತ್ರಿಯೇ ಊರಿನಲ್ಲಿ ಮೂಡಲಪಾಯದ ಆಟ. ನೆರೆಮನೆಯ ರೈತ ಕಿರೀಟ, ಭುಜಕೀರ್ತಿಗಳನ್ನು ಧರಿಸಿ ಕರ್ಣನಾದ. ಇಬ್ಬರೂ ತಾವಲ್ಲದವರಾಗಿ ತೋರಿಕೊಂಡವರೇ. ಇದನ್ನು ಇಂಗ್ಲಿಷಿನಲ್ಲಿ ಬರೆಯಹೊರಟ ವಿದ್ಯಾರ್ಥಿ ಯಾವ ಕ್ರಿಯಾಪದವನ್ನು ಆರಿಸಬೇಕು?

ಪದಗಳಿಗೇನೂ ಬರವಿಲ್ಲ. 'ಪ್ರಿಟೆಂಡ್' ಎಲ್ಲಕ್ಕಿಂತ ವ್ಯಾಪಕವಾದುದು: ತೆಂಗಿನ ಗರಿಯನ್ನೇ ಕತ್ತಿಯಾಗಿ ಹಿಡಿದು ರಾಜನಾಗುವ ಹುಡುಗನಿಗೂ ಸಲ್ಲುತ್ತದೆ, ರೋಗದ ನೆಪ ಹೂಡುವ ಸೋಮಾರಿಗೂ ಸಲ್ಲುತ್ತದೆ. ತನ್ನದಲ್ಲದ ವೃತ್ತಿಯನ್ನೋ ಅಂತಸ್ತನ್ನೋ ಹೇಳಿಕೊಳ್ಳುವವನಿಗೆ 'ಪೋಸ್ ಆ್ಯಸ್'. ನಮ್ಮ ಹುಸಿ ವರ್ತಕನಿಗೆ ತಕ್ಕ ಮಾತು ಇದೇ. ಮಂಡಿಯಲ್ಲಿ ನಿಜವಾಗಿಯೂ ಇರುವ ಇಂಥವನೇ ತಾನೆಂದು ಅವನು ನಂಬಿಸಿದ್ದರೆ 'ಇಂಪರ್ಸನೇಟ್' ಹೆಚ್ಚು ನಿಖರ. ಆದರೆ ದೊಡ್ಡವರ ಧ್ವನಿಯನ್ನು ಅನುಕರಿಸಿ ಸಭೆಯನ್ನು ನಗಿಸುವ ಕಲಾವಿದನಿಗೂ ಇಂಗ್ಲಿಷಿನವರು ಈ ಪದವನ್ನೇ ಬಳಸುವುದುಂಟು. ಕರ್ಣನಿಗೆ ಮಾತ್ರ 'ಪ್ಲೇ' ಎಂಬ ಸರಳ ಪದವೇ ಸಾಕು.

ಕಾನೂನಿಗೆ ಇಷ್ಟು ನಯವಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 416ನೆಯ ಕಲಮು 'ಪರ್ಸನೇಷನ್' ಎಂಬ ಒಂದೇ ಪದದಲ್ಲಿ ಇಂಥ ವಂಚನೆಯನ್ನೆಲ್ಲ ಅಡಗಿಸಿತ್ತು. ವಂಚಕನು ಹೇಳಿಕೊಂಡ ವ್ಯಕ್ತಿ ಕಲ್ಪಿತನಾದರೂ ಅಪರಾಧ ಅಪರಾಧವೇ. 2024ರ ಜುಲೈ 1ರಿಂದ ಆ ಸ್ಥಾನದಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 319ನೆಯ ಕಲಮು ಶಿಕ್ಷೆಯ ಮಿತಿಯನ್ನು 3 ವರ್ಷಗಳಿಂದ 5ಕ್ಕೆ ಏರಿಸಿದೆ. ವಿಚಿತ್ರವೆಂದರೆ, ಈ ಪದದ ಬೇರಾದ 'ಪರ್ಸೋನಾ' ಲ್ಯಾಟಿನ್ನಿನಲ್ಲಿ ನಟನ ಮುಖವಾಡ. ಕಳ್ಳನ ಕ್ರಿಯಾಪದ ಹುಟ್ಟಿದ್ದು ರಂಗಭೂಮಿಯಲ್ಲಿ!

ನಮ್ಮ 'ವೇಷ'ದ ಕಥೆಯೂ ಇಂಥದೇ. ಆಟದಲ್ಲಿ ವೇಷ ಕಟ್ಟುವುದು ಹೆಮ್ಮೆಯ ಸಂಗತಿ. ಬೀದಿಯಲ್ಲಿ 'ವೇಷಧಾರಿ' ಎಂದರೆ ಬೈಗುಳ. ಇವೆರಡರ ನಡುವಣ ಗೆರೆ ಯಾವುದು? ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರು 'ಭಾರತೀಯ ಕಾವ್ಯಮೀಮಾಂಸೆ'ಯ ಮೂಲಕ ಕನ್ನಡಿಗರಿಗೆ ಪರಿಚಯಿಸಿದ ರಸವಿಚಾರದಲ್ಲಿ ಇದಕ್ಕೆ ಉತ್ತರವುಂಟು. ಶ್ರೀಶಂಕುಕನ ಮತದಂತೆ, ರಂಗದ ಮೇಲಿನ ರಾಮನನ್ನು ಕಂಡಾಗ ನಮಗಾಗುವ ಅರಿವು ನಿಜವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ಕುದುರೆ ಎನ್ನುವಂತೆ ಅದು.

ಆದುದರಿಂದ ಕ್ರಿಯಾಪದವನ್ನು ನಿರ್ಣಯಿಸುವುದು ತೊಟ್ಟ ಉಡುಗೆಯಲ್ಲ, ನೋಡುವವನ ತಿಳಿವು. ಕರ್ಣನ ಸಾವಿಗೆ ಕಣ್ಣೀರಿಟ್ಟ ಜನ ಬೆಳಗಾದರೆ ಅದೇ ರೈತನನ್ನು ಹೆಸರು ಹಿಡಿದು ಕೂಗುತ್ತಾರೆ. ಅವರಿಂದ ಅವನು ಏನನ್ನೂ ಮರೆಮಾಚಿರಲಿಲ್ಲ. ತೋಟದವನಿಗೆ ಆ ತಿಳಿವು ದೊರೆತದ್ದು ಅಟ್ಟ ಬರಿದಾದ ಮೇಲೆ. ಕ್ರಿಯಾಪದ ತಪ್ಪಿದರೆ ಕೆಡುವುದು ವಾಕ್ಯವೊಂದೇ ಅಲ್ಲ: ನಟ ಕಳ್ಳನಾಗುತ್ತಾನೆ, ಇಲ್ಲವೆ ಕಳ್ಳ ನಟನಾಗಿ ಪಾರಾಗುತ್ತಾನೆ.