ಜೀಪಿನ ನಡುಕಕ್ಕೆ ಸ್ಪ್ರಿಂಗ್ ತಕ್ಕಡಿ

ಕಾಳುಮೆಣಸು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ಜೀಪಿನ ಮುಂಚಕ್ರದ ಬುಡಕ್ಕೆ ಸಿಕ್ಕಿಸಿ ಎಳೆಯುವುದನ್ನು ನಾನು ನೋಡಿದ್ದು ಹೊಸನಗರದ ಕಡೆಯ ಒಂದು ಗ್ಯಾರೇಜಿನಲ್ಲಿ. ನೋಡಿ ಬಂದು ವಾರಗಳಾದರೂ ಅದರ ಗುಂಗು ಬಿಟ್ಟಿಲ್ಲ. ಕೊಡಚಾದ್ರಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳು ಅಲ್ಲಿಗೆ ರಿಪೇರಿಗೆ ಬರುತ್ತವೆ. 1343 ಮೀಟರ್ ಎತ್ತರದ ಆ ಬೆಟ್ಟದ ಕಲ್ಲುಹಾದಿಯನ್ನು ಹತ್ತಿ ಇಳಿದವರಿಗೆ, ಈ ಗಾಡಿಗಳ ಮುಂಭಾಗದ ಕೀಲುಗಳು ಎಷ್ಟು ಪೆಟ್ಟು ತಿನ್ನುತ್ತವೆ ಎಂದು ಹೇಳಬೇಕಾಗಿಲ್ಲ.

ಅಂದು ಬಂದಿದ್ದ ಹಳೆಯ ಜೀಪಿನ ದೂರು ಇದು: ಐವತ್ತರ ವೇಗ ದಾಟಿದ ಮೇಲೆ ಸಣ್ಣದೊಂದು ಗುಂಡಿ ಸಿಕ್ಕರೂ ಮುಂದಿನ ಎರಡೂ ಚಕ್ರಗಳು ಎಡಕ್ಕೂ ಬಲಕ್ಕೂ ಒದರಾಡಲು ಶುರುವಾಗುತ್ತವೆ, ಸ್ಟೇರಿಂಗ್ ಕೈಗೆ ನಿಲ್ಲುವುದಿಲ್ಲ, ಗಾಡಿ ನಿಲ್ಲುವ ಹಂತಕ್ಕೆ ಬರುವವರೆಗೂ ನಡುಕ ಬಿಡುವುದಿಲ್ಲ. ಮಾಲೀಕರು ಅಷ್ಟರಲ್ಲಾಗಲೇ ಟೈರು ಬದಲಿಸಿದ್ದರು, ಬ್ಯಾಲೆನ್ಸಿಂಗ್ ಮಾಡಿಸಿದ್ದರು, ಸ್ಟೇರಿಂಗಿನ ಒದರಾಟವನ್ನು ಹೀರಿಕೊಳ್ಳುವ ಹೊಸ ಸ್ಟೇರಿಂಗ್ ಡ್ಯಾಂಪರ್ ಕೂಡ ಹಾಕಿಸಿದ್ದರು. ನಡುಕ ಕೆಲವು ದಿನ ಅಡಗಿತ್ತು, ಮತ್ತೆ ಬಂದಿತ್ತು. ಹಿರಿಯ ಮೆಕ್ಯಾನಿಕ್ ಮಾಡಿದ ಮೊದಲ ಕೆಲಸ ಆ ಡ್ಯಾಂಪರನ್ನು ಬಿಚ್ಚಿ ಪಕ್ಕಕ್ಕಿಟ್ಟದ್ದು. “ಇದು ಇದ್ರೆ ರೋಗ ಎಲ್ಲಿದೆ ಅಂತ ಕಾಣ್ಸೋದೇ ಇಲ್ಲ ಮಾರಾಯ್ರೆ” ಎಂದರು.

ಆಮೇಲಿನದು ಬಹಳ ಸರಳ. ಎಂಜಿನ್ ಆಫ್, ಚಕ್ರಗಳು ನೆಲದ ಮೇಲೆಯೇ. ಹುಡುಗನೊಬ್ಬ ಸೀಟಿನಲ್ಲಿ ಕುಳಿತು ಸ್ಟೇರಿಂಗನ್ನು ತುಸುವೇ ಆಚೆ ಈಚೆ ಆಡಿಸುತ್ತಿದ್ದ. ಮೆಕ್ಯಾನಿಕ್ ಅಡಿಯಲ್ಲಿ ಮಲಗಿ ಒಂದೊಂದೇ ಕೀಲಿನ ಮೇಲೆ ಅಂಗೈಯಿಟ್ಟು ನೋಡುತ್ತಾ ಹೋದರು. ಡ್ರ್ಯಾಗ್ ಲಿಂಕಿನ ತುದಿ, ನಡುವಿನ ಬೆಲ್ ಕ್ರ್ಯಾಂಕ್, ಟೈ ರಾಡ್ ಎಂಡ್‌ಗಳು, ಸ್ಟೇರಿಂಗ್ ಬಾಕ್ಸಿನ ಬೋಲ್ಟುಗಳು, ಸ್ಪ್ರಿಂಗ್ ಪಟ್ಟಿಯ ಬುಷ್ಷು, ಶ್ಯಾಕಲ್ಲು. ಒಂದು ಕಡೆ ತಿರುವಿದ ಚಲನೆ ಇನ್ನೊಂದು ಕಡೆ ತಡವಾಗಿ ತಲುಪಿದರೆ ಆ ಎರಡರ ನಡುವೆಯೇ ಸಡಿಲವಿದೆ. ಕಣ್ಣಿಗೆ ಕಾಣದ ಸಡಿಲ ಅಂಗೈಗೆ ತಿಳಿಯುತ್ತದೆ. ಜಾಕಿ ಕೊಟ್ಟು ಎತ್ತಿಬಿಟ್ಟರೆ ಚಕ್ರಕ್ಕೆ ನೆಲದ ಹಿಡಿತ ತಪ್ಪುತ್ತದೆ, ತಿರುಗಿಸಿದತ್ತ ಹಗುರಾಗಿ ತಿರುಗಿಬಿಡುತ್ತದೆ, ಸವೆದ ಕೀಲು ಸಿಕ್ಕಿಬೀಳುವುದಿಲ್ಲ.

ಜಾಕಿ ಬಂದದ್ದು ಎರಡನೆಯ ಹಂತಕ್ಕೆ. ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸ್ಪಷ್ಟವಾಗಿ ಆಡುತ್ತಿತ್ತು. ಹುಡುಗನಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿದರು. ಬ್ರೇಕ್ ತುಳಿದಾಗ ಆಟ ನಿಂತುಹೋದರೆ ವೀಲ್ ಬೇರಿಂಗಿನದು ತಪ್ಪು; ಆಗಲೂ ಆಡುತ್ತಿದ್ದರೆ ಕಿಂಗ್ ಪಿನ್ನಿನದು. ಎರಡು ಕಾಯಿಲೆಗಳನ್ನು ಅರ್ಧ ನಿಮಿಷದಲ್ಲಿ ಬೇರ್ಪಡಿಸುವ ಈ ಉಪಾಯಕ್ಕೆ ಒಂದು ಪೈಸೆಯ ಉಪಕರಣ ಬೇಡ. ಆ ಜೀಪಿನದು ಆಡುತ್ತಲೇ ಇತ್ತು.

ಇಲ್ಲಿ ಬಂತು ತಕ್ಕಡಿ. ಚಕ್ರ ಎಡಬಲಕ್ಕೆ ತಿರುಗುವುದು ಕಿಂಗ್ ಪಿನ್ನಿನ ಮೇಲೆ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಅದಕ್ಕೆ ಮೇಲೊಂದು ಕೆಳಗೊಂದು ಬೇರಿಂಗ್. ಈ ಬೇರಿಂಗುಗಳ ಮೇಲೆ ಹದವಾದ ಬಿಗಿ ಇರಬೇಕು. ಟೈ ರಾಡ್ ಕಳಚಿ, ಆಯಿಲ್ ಸೀಲನ್ನೂ ತೆಗೆದು (ಸೀಲಿನ ಘರ್ಷಣೆ ಸೇರಿಕೊಂಡರೆ ಅಳತೆ ಸುಳ್ಳಾಗುತ್ತದೆ), ಸ್ಟೇರಿಂಗ್ ಆರ್ಮಿನ ತೂತಿಗೆ ಕೊಕ್ಕೆ ಹಾಕಿ ಮೆಲ್ಲಗೆ ಎಳೆಯಬೇಕು. ಅದು ತಿರುಗಲು ಶುರುವಾಗುವ ಕ್ಷಣದಲ್ಲಿ ಮುಳ್ಳು ತೋರಿಸುವ ತೂಕವೇ ಬಿಗಿಯ ಲೆಕ್ಕ. ಯಾವ ಗಾಡಿಗೆ ಎಷ್ಟು ಎಂಬುದು ಅದರದರ ಕೈಪಿಡಿಯಲ್ಲಿರುತ್ತದೆ. ಇದೇನು ಹಳ್ಳಿಯ ಜುಗಾಡ್ ಅಲ್ಲ. ಜೀಪು ತಯಾರಿಸಿದವರೇ ಹೇಳಿದ ಕ್ರಮ. ಆ ದಿನ ಎಡಗಡೆ ಮುಳ್ಳು ಕದಲಿತು. ಬಲಗಡೆಯ ಚಕ್ರ ಮಾತ್ರ ಮುಳ್ಳು ಮೇಲೇಳುವ ಮೊದಲೇ ತಿರುಗಿಬಿಟ್ಟಿತು.

ಸವೆದ ಬೇರಿಂಗ್ ಬದಲಿಸಿದ ಮೇಲೆ ಬಿಗಿ ಹೊಂದಿಸುವುದು ಶಿಮ್‌ಗಳಿಂದ. ಕಾಗದದಂಥ ಈ ಲೋಹದ ಹಾಳೆಗಳು 3, 5, 10, 30 ಥೌ ದಪ್ಪದಲ್ಲಿ ಸಿಗುತ್ತವೆ. ಒಂದು ಥೌ ಅಂದರೆ ಅಂಗುಲದ ಸಾವಿರದಲ್ಲೊಂದು ಭಾಗ. ಒಂದು ಹಾಳೆ ತೆಗೆದರೆ ಬಿಗಿ ಏರುತ್ತದೆ, ಸೇರಿಸಿದರೆ ಇಳಿಯುತ್ತದೆ. ಮೇಲೂ ಕೆಳಗೂ ಸಮನಾಗಿ ಹಂಚಬೇಕು, ಇಲ್ಲವಾದರೆ ಒಳಗಿನ ಆಕ್ಸಲ್ ನಡುವಿನಿಂದ ಸರಿದುಬಿಡುತ್ತದೆ. ಬಿಗಿ ಹೆಚ್ಚಾದರೆ ಇನ್ನೊಂದು ಕಷ್ಟ: ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಗಾಡಿ ರಸ್ತೆಯಲ್ಲಿ ಅಲೆಯುತ್ತದೆ. ಅವರು ಒಂದು ಹಾಳೆ ತೆಗೆದು, ಎಳೆದು, ಇನ್ನೊಂದನ್ನು ಹಾಕಿ, ಮತ್ತೆ ಎಳೆದು ನೋಡುತ್ತಿದ್ದರು. ಎರಡೂ ಕಡೆಯ ಮುಳ್ಳು ಒಂದೇ ಗೆರೆಗೆ ಬರುವವರೆಗೂ ಬಿಡಲಿಲ್ಲ. ನಾನು ಊಟದ ಹೊತ್ತು ಮೀರಿದ್ದನ್ನೂ ಮರೆತು ನಿಂತಿದ್ದೆ.

ಈ ನಡುಕದ ಚರಿತ್ರೆ ಜೀಪಿಗಿಂತ ಹಳೆಯದು. 1920ರ ದಶಕದಲ್ಲಿ ಕಾರುಗಳಿಗೆ ದಪ್ಪನೆಯ ಬಲೂನ್ ಟೈರು, ಮುಂಚಕ್ರಕ್ಕೆ ಬ್ರೇಕು ಬಂದಾಗ ಇದು ದೊಡ್ಡ ಪಿಡುಗಾಯಿತು. ಫ್ರಾನ್ಸಿನ ಎಂಜಿನಿಯರ್ ಬ್ರುಲಿಯೆ 1925ರಲ್ಲಿ ಇದರ ಬಗ್ಗೆಯೇ ಬರೆದರು. ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ಲಿಗೆ ಪೋಣಿಸಿದಾಗ ಒಂದು ಚಕ್ರ ಗುಂಡಿಗೆ ಬಿದ್ದರೆ ಇಡೀ ಆಕ್ಸಲ್ ವಾಲುತ್ತದೆ. ವೇಗವಾಗಿ ಸುತ್ತುತ್ತಿರುವ ಚಕ್ರ ವಾಲಿದರೆ ಬುಗುರಿಯ ಹಾಗೆ ಪಕ್ಕಕ್ಕೆ ಹೊರಳಲು ನೋಡುತ್ತದೆ. ಆ ಹೊರಳಾಟ ಮತ್ತೆ ಆಕ್ಸಲ್ಲನ್ನು ವಾಲಿಸುತ್ತದೆ. ಕೀಲುಗಳು ಬಿಗಿಯಾಗಿದ್ದರೆ ಇದು ಹುಟ್ಟಿದಲ್ಲೇ ಸಾಯುತ್ತದೆ, ಸಡಿಲವಿದ್ದರೆ ಸರಪಣಿಯಾಗುತ್ತದೆ. ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಆಲಿ ಮತ್ತಿತರರ ಕೆಲಸದಿಂದ 1934ರ ಕಾರುಗಳಿಗೆ ಎರಡೂ ಮುಂಚಕ್ರಗಳ ಸಸ್ಪೆನ್ಷನ್ ಬೇರೆ ಬೇರೆಯಾಯಿತು. ಕಾರುಗಳು ಬಚಾವಾದವು. ಕಲ್ಲುಹಾದಿಯಲ್ಲಿ ಗಟ್ಟಿ ಆಕ್ಸಲ್ಲೇ ಮೇಲಾದ್ದರಿಂದ ಜೀಪು ಅದನ್ನು ಬಿಡಲಿಲ್ಲ. 1940ರ ದಶಕದ ಕೊನೆಗೆ ಮಹೀಂದ್ರಾ ಮೂಲಕ ನಮ್ಮಲ್ಲಿಗೆ ಬಂದ ವಿಲ್ಲಿಸ್ ಜೀಪಿನಲ್ಲೂ ಅದೇ ಇತ್ತು. ಇಂದಿನ ಸುಜುಕಿ ಜಿಮ್ನಿಯಲ್ಲೂ ಅದೇ ಇದೆ. ಜಿಮ್ನಿಗೆ ಕಾರ್ಖಾನೆಯಲ್ಲೇ ಡ್ಯಾಂಪರ್ ಕೂರಿಸಿರುತ್ತಾರೆ. ಡ್ಯಾಂಪರಿಗೆ ನನ್ನ ವಿರೋಧವಿಲ್ಲ. ಸರಿಯಾದ ಕೀಲುಗಳ ಜೊತೆಗೆ ಅದು ಒಳ್ಳೆಯ ಸಂಗಾತಿ. ಸವೆದ ಕೀಲುಗಳ ಮೇಲೆ ಹೊದಿಸುವ ಮುಸುಕಾದಾಗ ಮಾತ್ರ ಅಪಾಯ.

ಕಂಪ್ಯೂಟರ್ ಅಲೈನ್‌ಮೆಂಟಿನ ಬಗ್ಗೆಯೂ ನನಗೆ ಅಷ್ಟೇ ಅನುಮಾನ. ಗಟ್ಟಿ ಆಕ್ಸಲ್ಲಿನ ಜೀಪಿನಲ್ಲಿ ಸುಲಭವಾಗಿ ತಿದ್ದಬಹುದಾದದ್ದು ಟೋ ಇನ್, ಅಂದರೆ ಮುಂಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವ ಪ್ರಮಾಣ, ಒಂದೇ. ಹಳೆಯ ವಿಲ್ಲಿಸ್‌ಗೆ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) 3 ಡಿಗ್ರಿ; ಎತ್ತರ ಕಾಣಲೆಂದು ಉದ್ದದ ಶ್ಯಾಕಲ್ ಹಾಕಿಸಿದವರು ಆ ಕೋನವನ್ನೇ ಕೆಡಿಸಿಕೊಂಡಿರುತ್ತಾರೆ. ಪರದೆಯ ಮೇಲೆ ಹಸಿರು ಅಂಕಿ ಬಂದ ಮಾತ್ರಕ್ಕೆ ಬಲಗಡೆಯ ಬೇರಿಂಗ್ ಗಟ್ಟಿಯಾಗುವುದಿಲ್ಲ. ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿ ಮಾಡಿ ಕಳಿಸುವವರೂ ಇದ್ದಾರೆ. ಚಕ್ರ ನೇರಕ್ಕಿಲ್ಲದಾಗ ಅದನ್ನು ಬಿಗಿ ಮಾಡಿದರೆ ನೇರಕ್ಕೆ ಬಂದಾಗ ಬಾಕ್ಸ್ ಹಿಡಿದುಕೊಳ್ಳುತ್ತದೆ, ಒಳಗಿನ ಭಾಗಗಳು ಬೇಗ ಸವೆಯುತ್ತವೆ.

ಓಡುವಾಗ ನಡುಕ ಶುರುವಾದರೆ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಬ್ರೇಕನ್ನು ಒಮ್ಮೆಲೇ ತುಳಿಯಬೇಡಿ, ವೇಗ ಇಳಿದ ಮೇಲೆ ಬದಿಗೆ ನಿಲ್ಲಿಸಿ. ಹಳೆಯ ಜೀಪು ಕೊಳ್ಳಲು ಹೊರಟವರು ಬಣ್ಣ ನೋಡುವ ಮೊದಲು ಅಡಿಗೆ ಬಗ್ಗಿ ನೋಡಿ. ತುಕ್ಕು ಹಿಡಿದ ಕೀಲುಗಳ ನಡುವೆ ಹೊಚ್ಚ ಹೊಸ ಡ್ಯಾಂಪರ್ ಹೊಳೆಯುತ್ತಿದ್ದರೆ ಅದನ್ನು ಯಾಕೆ ಹಾಕಿಸಿದರೆಂದು ಕೇಳಿ. ಡ್ಯಾಂಪರ್ ಬಿಚ್ಚಿ ಓಡಿಸಿ ತೋರಿಸಲು ಒಪ್ಪದಿದ್ದರೆ ಆ ಗಾಡಿ ಕೊಳ್ಳಬೇಡಿ.